ಆರು, ಎಂಟು, ಒಂಬತ್ತು: ಗಾಯಕ ಕ್ಯೂ ಸಕಾಮೊಟೊ

ಜಪಾನಿನಲ್ಲಿ ಎಲೆಕ್ಟ್ರಿಕ್ ಗಿಟಾರಿನ ಅಬ್ಬರ ಏಳುವುದಕ್ಕೆ ತುಸು ಮುಂಚೆ, ಅಮೆರಿಕದ ರಾಕ್ ಸಂಗೀತದ ದನಿಯನ್ನು ಜಪಾನೀ ನುಡಿಯೊಳಗೆ ನೆಲೆಗೊಳಿಸಿದ ಗಾಯಕ ಕ್ಯೂ ಸಕಾಮೊಟೊ. ಅವರು 1941ರ ಡಿಸೆಂಬರ್ 10ರಂದು ಕೈಗಾರಿಕಾ ನಗರವಾದ ಕವಾಸಾಕಿಯಲ್ಲಿ ಜನಿಸಿದರು. ಪರ್ಲ್ ಹಾರ್ಬರ್ ಮೇಲೆ ಜಪಾನ್ ದಾಳಿ ನಡೆಸಿ ಆಗಿನ್ನೂ ಎರಡೇ ದಿನಗಳಾಗಿದ್ದವು. ಮನೆಯ ಒಂಬತ್ತನೆಯ ಕೂಸಾದುದರಿಂದ ಒಂಬತ್ತು ಎಂಬ ಸಂಖ್ಯೆಯ ಲಿಪಿಚಿಹ್ನೆಯನ್ನೇ ಹೆಸರಾಗಿ ಇಟ್ಟರು. ಆ ಚಿಹ್ನೆಯನ್ನು ಹೆಸರಿನಲ್ಲಿ ಹಿಸಾಶಿ ಎಂದು ಓದಬೇಕಿತ್ತು. ಆದರೆ ಎಣಿಕೆಯಲ್ಲಿ ಓದುವ ಕ್ಯೂ ಎಂಬ ಉಚ್ಚಾರಣೆಯೇ ಜನರ ಬಾಯಲ್ಲಿ ಉಳಿಯಿತು. ಬರೆದಂತೆ ಓದುವ, ಓದಿದಂತೆ ಬರೆಯುವ ನಮ್ಮಂಥವರಿಗೆ ಇದು ವಿಚಿತ್ರವೆನಿಸೀತು.

ಯುದ್ಧ ಉಗ್ರವಾದಾಗ ಕುಟುಂಬವು ನಗರವನ್ನು ತೊರೆದು ಇಬಾರಾಕಿ ಪ್ರಾಂತದ ಕಸಾಮ ಎಂಬ ಊರಿಗೆ ವಲಸೆ ಹೋಯಿತು. 1949ರಲ್ಲಿ ಕವಾಸಾಕಿಗೆ ಮರಳಿತು. ಅಷ್ಟರಲ್ಲಿ ಜಪಾನ್ ಸೋತಿತ್ತು, ಅಮೆರಿಕದ ಸೈನ್ಯ ದೇಶದಲ್ಲಿ ಬೀಡುಬಿಟ್ಟಿತ್ತು. ಸೈನಿಕರ ಮನರಂಜನೆಗಾಗಿ ತೆರೆದ ಕ್ಲಬ್ಬುಗಳಲ್ಲಿ ಜಪಾನೀ ವಾದ್ಯಗಾರರು ಹೊಟ್ಟೆಪಾಡಿಗೆಂದು ಜಾಝ್ ಮತ್ತು ಕಂಟ್ರಿ ಸಂಗೀತವನ್ನು ನುಡಿಸಿದರು. ಸೈನ್ಯದ ರೇಡಿಯೋ ಕೇಂದ್ರ ಬಿತ್ತರಿಸಿದ ಇಂಗ್ಲಿಷ್ ಹಾಡುಗಳನ್ನು ಬೀದಿಯ ಹುಡುಗರೂ ಕೇಳಿದರು. ಜಪಾನಿನ ರಾಕ್ ಸಂಗೀತದ ಬೇರು ಇರುವುದು ಇಲ್ಲಿಯೇ. ಗೆದ್ದವರ ಹಾಡು ಸೋತವರ ಮಕ್ಕಳ ಹುಚ್ಚಾಗಿ ಪರಿಣಮಿಸಿತು.

ಆ ಹುಚ್ಚಿಗೆ ಒಳಗಾದ ಹುಡುಗರಲ್ಲಿ ಸಕಾಮೊಟೊ ಒಬ್ಬರು. ಅವರ ಆರಾಧ್ಯದೈವ ಎಲ್ವಿಸ್ ಪ್ರೀಸ್ಲಿ. ಶಾಲೆಯಲ್ಲಿದ್ದಾಗಲೇ ಗಿಟಾರ್ ಹಿಡಿದು ಡ್ರಿಫ್ಟರ್ಸ್ ಎಂಬ ವಾದ್ಯವೃಂದವನ್ನು ಸೇರಿದರು. 1958ರಲ್ಲಿ ಟೋಕಿಯೊದ ನಿಚಿಗೆಕಿ ರಂಗಮಂದಿರದಲ್ಲಿ ವೆಸ್ಟರ್ನ್ ಕಾರ್ನಿವಲ್ ಎಂಬ ರಾಕಬಿಲಿ ಉತ್ಸವಗಳು ಆರಂಭವಾದವು. ಅದೇ ವರ್ಷದ ಆಗಸ್ಟಿನಲ್ಲಿ ಹದಿನಾರರ ಸಕಾಮೊಟೊ ಆ ವೇದಿಕೆಯನ್ನೇರಿದರು. ಮುಂದೆ ಪ್ಯಾರಡೈಸ್ ಕಿಂಗ್ ಎಂಬ ಮತ್ತೊಂದು ವೃಂದಕ್ಕೆ ಗಾಯಕರಾಗಿ ಹೋದರು. ಸುಂದರರೆಂದು ಹೇಳುವಂತಿರಲಿಲ್ಲ, ಮೊಡವೆಯ ಕಲೆಗಳಿದ್ದ ಮುಖ, ಮುಖ ತುಂಬುವ ನಗೆ. ಆ ನಗೆಯೇ ಅವರನ್ನು ಪ್ರತಿ ಮನೆಯ ಹುಡುಗನನ್ನಾಗಿ ಮಾಡಿತು.

1961ರಲ್ಲಿ ಬಂದಿತು ಅವರ ಬಾಳನ್ನು ಬದಲಿಸಿದ ಹಾಡು: 'ಉಎ ಒ ಮುಇತೆ ಅರುಕೋ'. ಮೇಲೆ ನೋಡುತ್ತ ನಡೆಯೋಣ ಎಂಬುದು ಅದರ ಅರ್ಥ. ಸಾಹಿತ್ಯ ರೊಕುಸುಕೆ ಎಯಿ ಅವರದು. ರಾಗಸಂಯೋಜನೆ ಜಾಝ್ ಪಿಯಾನೊ ವಾದಕ ಹಚಿದಾಯ್ ನಕಮುರ ಅವರದು. ರೊಕು ಎಂದರೆ ಆರು, ಹಚಿ ಎಂದರೆ ಎಂಟು, ಕ್ಯೂ ಎಂದರೆ ಒಂಬತ್ತು. ಈ ಮೂವರನ್ನು ಜನರು ಆರು-ಎಂಟು-ಒಂಬತ್ತು ಜೋಡಿಯೆಂದೇ ಕರೆದರು.

ಹಾಡಿನ ಹುಟ್ಟು ಕುತೂಹಲಕರವಾದುದು. 1960ರಲ್ಲಿ ಅಮೆರಿಕದೊಡನೆ ಮಾಡಿಕೊಂಡ ಭದ್ರತಾ ಒಪ್ಪಂದವನ್ನು ವಿರೋಧಿಸಿ ಜಪಾನಿನಲ್ಲಿ ಭಾರೀ ಚಳವಳಿ ನಡೆಯಿತು, ಅದು ವಿಫಲವಾಯಿತು. ಅದರಲ್ಲಿ ಭಾಗವಹಿಸಿದ್ದ ಎಯಿ ಅವರ ನಿರಾಶೆ ಈ ಹಾಡಿನ ಒಡಲಲ್ಲಿದೆ. ಆದರೆ ಸಾಹಿತ್ಯದಲ್ಲಿ ರಾಜಕೀಯದ ಸುಳಿವಿಲ್ಲ. ಅಲ್ಲಿರುವುದು ರಾತ್ರಿಯಲ್ಲಿ ಒಬ್ಬಂಟಿಯಾಗಿ ನಡೆಯುತ್ತ, ಮುಖವನ್ನು ಮೇಲೆತ್ತಿ ದುಃಖವನ್ನು ತಡೆದುಕೊಳ್ಳುವ ಒಂದು ಜೀವ ಮಾತ್ರ. ನಕಮುರ ಅವರ ರಾಗ ಬಹುಪಾಲು ನಾಲ್ಕನೆಯ ಮತ್ತು ಏಳನೆಯ ಸ್ವರಗಳನ್ನು ಬಿಟ್ಟ ಜಪಾನೀ ಸ್ವರಮೇಳದಲ್ಲಿ ಸಾಗುತ್ತದೆ. ನಮ್ಮ ಮೋಹನ ರಾಗವನ್ನು ಬಲ್ಲವರಿಗೆ ಆ ಸ್ವರಗಳು ಪರಿಚಿತವೇ. ಅದರ ಕೆಳಗಿನ ಲಯ ಮಾತ್ರ ಅಮೆರಿಕದ್ದು.

ಸಕಾಮೊಟೊ ಈ ಹಾಡನ್ನು ಎಲ್ವಿಸ್ ರೀತಿಯಲ್ಲಿಯೇ ಹಾಡಿದರು. ಒಂದೊಂದು ಸ್ವರಾಕ್ಷರವನ್ನೂ ಒಡೆದು, ನಡುವೆ ಬಿಕ್ಕಿದಂತೆ ಉಸಿರು ತುಂಬಿ, ಪದವನ್ನೇ ಚೂರು ಮಾಡಿ ಹಾಡಿದರು. ಕೇಳಿದ ಕವಿಗೆ ಮೊದಲು ಅಸಮಾಧಾನವಾಯಿತು. ಪದಚ್ಛೇದ ತಪ್ಪಿದ ಗಮಕಿಯ ವಾಚನವನ್ನು ಕೇಳಿದ ನಮ್ಮ ಪಂಡಿತರಿಗೆ ಆಗುವ ಸಂಕಟ ಅದು. ಆದರೆ ಜನರು ಆ ಬಿಕ್ಕಿನಲ್ಲಿ ಬೇರೆಯದನ್ನೇ ಕೇಳಿದರು. ಅಳುವನ್ನು ನುಂಗಿಕೊಂಡವನ ದನಿ ಹೀಗಲ್ಲದೆ ಇನ್ನು ಹೇಗಿದ್ದೀತು? ಎರವಲು ತಂದ ಶೈಲಿ ಹಾಡಿನ ಅರ್ಥಕ್ಕೇ ದುಡಿಯಿತು. ಅನುಕರಣೆ ಎಲ್ಲಿ ಮುಗಿಯುತ್ತದೆ, ಸ್ವಂತದ್ದು ಎಲ್ಲಿ ತೊಡಗುತ್ತದೆ ಎಂದು ಚರ್ಚಿಸುವವರು ಈ ಮೂರು ನಿಮಿಷಗಳ ಹಾಡನ್ನು ಒಮ್ಮೆ ಕೇಳಬೇಕು. ಕೊನೆಯಲ್ಲಿ ಮಾತು ನಿಂತು ಬರಿಯ ಸಿಳ್ಳೆ ಉಳಿಯುತ್ತದೆ.

ಮುಂದಿನ ಕಥೆ ನಗು ತರಿಸುವಂಥದು, ಸ್ವಲ್ಪ ನೋವನ್ನೂ. ಬ್ರಿಟನ್ನಿನ ಪೈ ರೆಕಾರ್ಡ್ಸ್ ಸಂಸ್ಥೆಯ ಮುಖ್ಯಸ್ಥರು ಜಪಾನಿನಲ್ಲಿ ಈ ಹಾಡನ್ನು ಕೇಳಿ ಮೆಚ್ಚಿ, ಕೆನ್ನಿ ಬಾಲ್ ಅವರ ಜಾಝ್ ವೃಂದದಿಂದ ನುಡಿಸಿದರು. ಮೂಲದ ಶೀರ್ಷಿಕೆ ಇಂಗ್ಲಿಷರ ನಾಲಗೆಗೆ ಹೊರಳದೆಂದು 'ಸುಕಿಯಾಕಿ' ಎಂದು ಹೆಸರಿಟ್ಟರು. ಸುಕಿಯಾಕಿ ಎಂಬುದು ಗೋಮಾಂಸ ಮತ್ತು ತರಕಾರಿಗಳನ್ನು ಸೋಯಾ ರಸದಲ್ಲಿ ಬೇಯಿಸಿ ಮಾಡುವ ಖಾದ್ಯ! ಹಾಡಿಗೂ ಅದಕ್ಕೂ ಯಾವ ಸಂಬಂಧವೂ ಇಲ್ಲ; ಪಾಶ್ಚಾತ್ಯರಿಗೆ ಗೊತ್ತಿದ್ದ ಜಪಾನೀ ಪದ ಎಂಬುದಷ್ಟೇ ಅದರ ಅರ್ಹತೆ. ಬಳಿಕ ಅಮೆರಿಕದ ವಾಷಿಂಗ್ಟನ್ ರಾಜ್ಯದ ರೇಡಿಯೋ ನಿರೂಪಕರೊಬ್ಬರು ಸಕಾಮೊಟೊ ಅವರ ಮೂಲ ತಟ್ಟೆಯನ್ನೇ ಪ್ರಸಾರ ಮಾಡಿದರು. ಕೇಳುಗರ ಒತ್ತಾಯ ಹೆಚ್ಚಿ, ಕ್ಯಾಪಿಟಲ್ ಸಂಸ್ಥೆ ಅದನ್ನು ಅದೇ ಅಡುಗೆಯ ಹೆಸರಿನಲ್ಲಿ ಹೊರತಂದಿತು.

1963ರ ಜೂನ್ ತಿಂಗಳಲ್ಲಿ ಆ ಹಾಡು ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯಲ್ಲಿ ಮೂರು ವಾರ ಮೊದಲ ಸ್ಥಾನದಲ್ಲಿತ್ತು. ಯುದ್ಧ ಮುಗಿದು ಹದಿನೆಂಟು ವರ್ಷಗಳಷ್ಟೇ ಆಗಿದ್ದವು; ತನ್ನ ನೆಲದಲ್ಲಿದ್ದ ಲಕ್ಷಕ್ಕೂ ಮಿಕ್ಕ ಜಪಾನೀ ಮೂಲದವರನ್ನು ಶಿಬಿರಗಳಲ್ಲಿ ಕೂಡಿಹಾಕಿದ್ದ ದೇಶ ಅದು. ಆ ದೇಶದ ಜನ ಒಂದು ಪದದ ಅರ್ಥವೂ ತಿಳಿಯದೆ ಜಪಾನೀ ಹಾಡನ್ನು ಗುನುಗಿದರು. ಅಮೆರಿಕದ ಒಪ್ಪಂದವನ್ನು ವಿರೋಧಿಸಿ ಸೋತವರ ದುಃಖವನ್ನೇ ತಾವು ಗುನುಗುತ್ತಿದ್ದೇವೆಂದು ಅವರಿಗೆ ತಿಳಿದಿರಲಿಲ್ಲ. ನುಡಿ ಗಡಿ ದಾಟಿತು, ದನಿ ದಾಟಿತು. ಹೆಸರು ಮಾತ್ರ ಆಚೆಯ ದಡದಲ್ಲಿ ಉಳಿದುಹೋಯಿತು. ಗಡಿನಾಡಿನ ಕಾಲೇಜಿನಲ್ಲಿ ಕನ್ನಡವನ್ನು ಆಯ್ದುಕೊಂಡಿರುವ ನಮಗೆ, ಊರುಗಳ ಹೆಸರು ಬೇರೆ ಬಾಯಲ್ಲಿ ಬೇರೆಯಾಗುವುದನ್ನು ದಿನವೂ ಕೇಳುವ ನಮಗೆ, ಇದನ್ನು ವಿವರಿಸಬೇಕಾಗಿಲ್ಲ.

ಅಂಥ ಯಶಸ್ಸು ಅವರಿಗೆ ಅಮೆರಿಕದಲ್ಲಿ ಮತ್ತೆ ದೊರೆಯಲಿಲ್ಲ. ತಾಯ್ನಾಡಿನಲ್ಲಿಯೂ ಗಾಳಿ ಬದಲಾಗುತ್ತಿತ್ತು. 1965ರ ಹೊತ್ತಿಗೆ ವೆಂಚರ್ಸ್ ಎಂಬ ಅಮೆರಿಕದ ಗಿಟಾರ್ ವೃಂದ ಜಪಾನನ್ನು ಮರುಳುಮಾಡಿತು. ಸಾಗರದಲೆಯಂತೆ ಮೊರೆಯುವ ಸರ್ಫ್ ಸಂಗೀತಕ್ಕೆ ಹುಡುಗರು ಎಲೆಕಿ ಎಂದು ಹೆಸರಿಟ್ಟು ಗಿಟಾರುಗಳನ್ನು ಕೊಂಡರು. ಶಾಲೆಗಳು ಅದನ್ನು ನಿಷೇಧಿಸತೊಡಗಿದವು. ಕಂಟ್ರಿ ಸಂಗೀತದಿಂದ ಬಂದ ತಾಕೇಶಿ ತೆರೌಚಿ ಎಂಬ ವಾದಕರು ಜಾನಪದ ಧಾಟಿಗಳನ್ನೂ ಬೀಥೋವನ್ನನ ಸಿಂಫನಿಯನ್ನೂ ಅದೇ ಗಿಟಾರಿನಲ್ಲಿ ಮಿಂಚಿನ ವೇಗದಿಂದ ನುಡಿಸಿದರು. 1966ರಲ್ಲಿ ಬೀಟಲ್ಸ್ ಬಂದರು. 1968ರಲ್ಲಿ ಮಾಪ್ಸ್ ಎಂಬ ವೃಂದ ಸೈಕೆಡೆಲಿಕ್ ರಾಕನ್ನು ಧ್ವನಿಮುದ್ರಿಸಿತು. ಈ ಗದ್ದಲದಲ್ಲಿ ಸಕಾಮೊಟೊ ಹಳೆಯ ತಲೆಮಾರಿನವರಾದರು; ವಯಸ್ಸು ಮಾತ್ರ ಇಪ್ಪತ್ತಾರು.

ಅವರು ಕಹಿಯಾಗಲಿಲ್ಲ. ಚಲನಚಿತ್ರಗಳಲ್ಲಿ ನಟಿಸಿದರು, ದೂರದರ್ಶನದ ನಿರೂಪಕರಾದರು. 1971ರಲ್ಲಿ ನಟಿ ಯುಕಿಕೊ ಕಾಶಿವಾಗಿ ಅವರನ್ನು ವಿವಾಹವಾದರು, ಇಬ್ಬರು ಹೆಣ್ಣುಮಕ್ಕಳಾದರು. ಅಂಗವಿಕಲರ ನೆರವಿಗಾಗಿ ವರ್ಷಗಟ್ಟಲೆ ದುಡಿದರು.

1985ರ ಆಗಸ್ಟ್ 12. ಪಿತೃಗಳನ್ನು ಸ್ಮರಿಸುವ ಓಬೊನ್ ಹಬ್ಬಕ್ಕಾಗಿ ಜನರು ಊರಿಗೆ ಮರಳುವ ಕಾಲ. ಅಂದು ಸಂಜೆ ಟೋಕಿಯೊದಿಂದ ಒಸಾಕಾಗೆ ಹೊರಟ ಜಪಾನ್ ಏರ್‌ಲೈನ್ಸ್ ವಿಮಾನ 123ರಲ್ಲಿ ಅವರಿದ್ದರು. ಏಳು ವರ್ಷಗಳ ಹಿಂದೆ ಸರಿಯಾಗಿ ದುರಸ್ತಿಯಾಗದಿದ್ದ ಹಿಂಭಾಗದ ಗೋಡೆ ಆಗಸದಲ್ಲಿ ಒಡೆಯಿತು. ಬಾಲವನ್ನು ಕಳೆದುಕೊಂಡ ವಿಮಾನ ಅರ್ಧ ಗಂಟೆ ಅಲೆದಾಡಿ ಗುನ್ಮಾ ಪ್ರಾಂತದ ಬೆಟ್ಟಕ್ಕೆ ಬಡಿಯಿತು. 524 ಮಂದಿಯಲ್ಲಿ ಉಳಿದವರು ನಾಲ್ವರು. ಸಕಾಮೊಟೊ ಅವರಿಗೆ ಆಗ 43 ವರ್ಷ.

ಅಮೆರಿಕದಲ್ಲಿ ಆ ಹಾಡು ಈಗಲೂ ಸುಕಿಯಾಕಿಯೇ. 1981ರಲ್ಲಿ ಇಂಗ್ಲಿಷಿನಲ್ಲಿ ಹೊಸ ಸಾಹಿತ್ಯ ಬರೆದು ಹಾಡಿದವರೂ ಆ ಹೆಸರನ್ನೇ ಉಳಿಸಿಕೊಂಡರು. ಜಪಾನೀಯರು 2011ರ ಭೂಕಂಪ ಮತ್ತು ಸುನಾಮಿಯ ಬಳಿಕ ಅದನ್ನು ಅದರ ಸ್ವಂತ ಹೆಸರಿನಲ್ಲಿ ಮತ್ತೆ ಹಾಡಿದರು. ಗ್ರಹಗಳ ನಡುವೆ ಸುತ್ತುವ 6980ನೆಯ ಕ್ಷುದ್ರಗ್ರಹಕ್ಕೆ ಈಗ ಕ್ಯೂ ಸಕಾಮೊಟೊ ಎಂದು ಹೆಸರಿದೆ.