ಸೈತೋ ಹಿದೆಸಬುರೋ: ಇಂಗ್ಲಿಷ್ ವಾಕ್ಯದ ಗಂಟು ಬಿಡಿಸಿದ ಜಪಾನೀ ಪಂಡಿತ

ಪರಭಾಷೆಯೊಂದರಲ್ಲಿ ಪಾಂಡಿತ್ಯ ಪಡೆಯಬೇಕಾದರೆ ಆ ಭಾಷೆಯ ನಾಡಿಗೇ ಹೋಗಬೇಕೆಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. ಈ ನಂಬಿಕೆಯನ್ನು ತಮ್ಮ ಬಾಳಿನಿಂದಲೇ ಹುಸಿಮಾಡಿದವರು ಸೈತೋ ಹಿದೆಸಬುರೋ. ಜಪಾನನ್ನು ಬಿಟ್ಟು ಒಮ್ಮೆಯೂ ಹೊರಗೆ ಹೋಗದ ಈ ಮಹನೀಯರು ತಮ್ಮ ದೇಶದ ಇಂಗ್ಲಿಷ್ ವ್ಯಾಕರಣಾಧ್ಯಯನಕ್ಕೆ ಅಸ್ತಿಭಾರ ಹಾಕಿದರು.

ಸೈತೋ ಅವರು 1866ರಲ್ಲಿ ಸೆಂದೈ ಪಟ್ಟಣದಲ್ಲಿ ಜನಿಸಿದರು. ಅವರಿಗೆ ಎರಡು ವರ್ಷ ತುಂಬುವ ವೇಳೆಗೆ ಮೇಜಿ ಯುಗ ಆರಂಭವಾಗಿ, ಜಪಾನು ಪಾಶ್ಚಾತ್ಯ ವಿದ್ಯೆಗೆ ಬಾಗಿಲು ತೆರೆಯಿತು. ಯಂತ್ರಶಾಸ್ತ್ರ, ವೈದ್ಯ, ನ್ಯಾಯ, ಯಾವುದನ್ನು ಕಲಿಯಬೇಕಾದರೂ ಪರಭಾಷೆಯ ಗ್ರಂಥಗಳನ್ನೇ ಓದಬೇಕಾಗಿದ್ದ ಕಾಲವದು. ಬಾಲ್ಯದಲ್ಲಿಯೇ ಇಂಗ್ಲಿಷ್ ಕಲಿತ ಸೈತೋ ಟೋಕಿಯೋದ ಎಂಜಿನಿಯರಿಂಗ್ ಕಾಲೇಜನ್ನು ಸೇರಿದರು. ಅಲ್ಲಿ ಜೇಮ್ಸ್ ಮೇನ್ ಡಿಕ್ಸನ್ ಎಂಬ ಸ್ಕಾಟ್ಲೆಂಡಿನ ಅಧ್ಯಾಪಕರ ಪಾಠ ಅವರ ಮನಸ್ಸನ್ನು ಸೆಳೆಯಿತು. ಕಾಲೇಜಿನ ಪುಸ್ತಕಭಂಡಾರದ ಇಂಗ್ಲಿಷ್ ಗ್ರಂಥಗಳನ್ನೆಲ್ಲ ಅವರು ಓದಿ ಮುಗಿಸಿದರೆಂದು ಪ್ರತೀತಿಯಿದೆ. ಪದವಿಯನ್ನು ಮಾತ್ರ ಪಡೆಯಲಿಲ್ಲ.

ಆ ಕಾಲದ ಜಪಾನೀ ವಿದ್ಯಾರ್ಥಿಯ ಕಷ್ಟ ನಮಗೆ ಅಪರಿಚಿತವಲ್ಲ. ಕನ್ನಡದಂತೆ ಜಪಾನೀ ಭಾಷೆಯಲ್ಲಿಯೂ ಕ್ರಿಯಾಪದ ವಾಕ್ಯದ ಕೊನೆಗೆ ಬರುತ್ತದೆ. ವಿಶೇಷಣವು ಎಷ್ಟು ಉದ್ದವಾಗಿದ್ದರೂ ನಾಮಪದಕ್ಕಿಂತ ಮೊದಲೇ ನಿಲ್ಲುತ್ತದೆ. ಕರ್ತೃ, ಕರ್ಮಗಳನ್ನು ಪದದ ಹಿಂದೆ ಬರುವ ಪ್ರತ್ಯಯಗಳು ತೋರಿಸುತ್ತವೆ. ಇಂಗ್ಲಿಷಿನಲ್ಲಿ ಇದೆಲ್ಲ ತಲೆಕೆಳಗು. ದಿ ಮ್ಯಾನ್ ಹೂ ಸೋಲ್ಡ್ ಮಿ ದಿ ಹಾರ್ಸ್ ಈಸ್ ಡೆಡ್ ಎಂಬ ವಾಕ್ಯವನ್ನು ನೋಡಿರಿ. ನನಗೆ ಕುದುರೆಯನ್ನು ಮಾರಿದ ಮನುಷ್ಯನು ಸತ್ತಿದ್ದಾನೆ ಎಂದು ಇದರ ಅರ್ಥ. ಪ್ರಧಾನ ವಾಕ್ಯದ ಕರ್ತೃವಿಗೂ ಕ್ರಿಯಾಪದಕ್ಕೂ ನಡುವೆ ಉಪವಾಕ್ಯವೊಂದು ನುಗ್ಗಿ ಕುಳಿತಿದೆ. ಎಚ್ಚರ ತಪ್ಪಿದ ಓದುಗನ ಕೈಯಲ್ಲಿ ಮನುಷ್ಯನು ಬದುಕಿ ಕುದುರೆ ಸಾಯುತ್ತದೆ!

ಇದಕ್ಕೆ ಅಂದಿನ ಅಧ್ಯಾಪಕರು ಕಂಡ ಉಪಾಯ, ಚೀನೀ ಗ್ರಂಥಗಳನ್ನು ಓದುತ್ತಿದ್ದ ಹಳೆಯ ಕ್ರಮವೇ. ಪ್ರತಿ ಪದದ ಬಳಿ ಅರ್ಥವನ್ನೂ ಅನ್ವಯದ ಅಂಕಿಯನ್ನೂ ಬರೆದು, ಅಂಕಿಗಳ ಪ್ರಕಾರ ಹಿಂದೆ ಮುಂದೆ ಜಿಗಿಯುತ್ತ ಓದುವುದು. ನಮ್ಮಲ್ಲಿ ಸಂಸ್ಕೃತ ಶ್ಲೋಕಕ್ಕೆ ಅನ್ವಯ ಹೇಳಿದಂತೆಯೇ ಸರಿ. ಹೀಗೆ ಅರ್ಥವೇನೋ ಹೊರಡುತ್ತಿತ್ತು. ಆದರೆ ಅಂಕಿಯಿಲ್ಲದ ಪುಟ ಎದುರಾದೊಡನೆ ವಿದ್ಯಾರ್ಥಿ ಅಸಹಾಯನಾಗುತ್ತಿದ್ದ.

ಸೈತೋ ಅವರು ಹಲವು ಊರುಗಳಲ್ಲಿ ಅಧ್ಯಾಪಕರಾಗಿದ್ದು, 1896ರಲ್ಲಿ ಟೋಕಿಯೋದ ಕಾಂದಾ ಭಾಗದಲ್ಲಿ ಸೆಯ್ಸೊಕು ಇಂಗ್ಲಿಷ್ ಶಾಲೆಯನ್ನು ಸ್ಥಾಪಿಸಿದರು. ಸೆಯ್ಸೊಕು ಎಂದರೆ ಕ್ರಮಬದ್ಧವಾದದ್ದು ಎಂದರ್ಥ. 1898-99ರಲ್ಲಿ ಅವರ ಪ್ರಾಕ್ಟಿಕಲ್ ಇಂಗ್ಲಿಷ್ ಗ್ರಾಮರ್ ನಾಲ್ಕು ಸಂಪುಟಗಳಲ್ಲಿ ಹೊರಬಂದಿತು. ಪದಗಳು ಒಂಟಿಯಾಗಿ ಬಾಳುವುದಿಲ್ಲ, ಗುಂಪುಗೂಡಿ ಬಾಳುತ್ತವೆ ಎಂಬುದು ಅವರ ಸಿದ್ಧಾಂತದ ತಿರುಳು. ರಾಬ್ ಎಂಬ ಕ್ರಿಯಾಪದ ಕಂಡರೆ, ಕಳೆದುಕೊಂಡವನ ಹೆಸರು ಕರ್ಮವಾಗಿ ಬರುತ್ತದೆ, ಕಳೆದ ವಸ್ತುವಿನ ಮುಂದೆ ಆಫ್ ಎಂಬ ಅವ್ಯಯ ಬರುತ್ತದೆ. ಇದನ್ನು ಬಲ್ಲವನಿಗೆ ನಡುವೆ ಹತ್ತು ಪದಗಳು ಅಡ್ಡ ಬಂದರೂ ದಾರಿ ತಪ್ಪದು. ಪದದ ಜೊತೆಗಾರರನ್ನೇ ಪ್ರಧಾನವಾಗಿಟ್ಟುಕೊಂಡ ಅವರ ಇಂಗ್ಲಿಷ್-ಜಪಾನೀ ನಿಘಂಟು 1915ರಲ್ಲಿ ಪ್ರಕಟವಾಯಿತು.

ಎರಡು ವರ್ಷಗಳ ತರುವಾಯ, 1917ರಲ್ಲಿ, ಹೊಸೊಯೆ ಇತ್ಸುಕಿ ಎಂಬ ಮತ್ತೊಬ್ಬ ವಿದ್ವಾಂಸರು ಇಂಗ್ಲೆಂಡಿನ ಆನಿಯನ್ಸ್ ಅವರ 1904ರ ಗ್ರಂಥವನ್ನು ಅನುಸರಿಸಿ, ಕರ್ತೃ, ಕ್ರಿಯೆ, ಕರ್ಮ, ಪೂರಕಗಳ ಜೋಡಣೆಯಿಂದಾಗುವ ಐದು ವಾಕ್ಯಮಾದರಿಗಳನ್ನು ಜಪಾನೀಯರಿಗೆ ಪರಿಚಯಿಸಿದರು. ಇಂದಿಗೂ ಅಲ್ಲಿನ ಶಾಲೆಗಳಲ್ಲಿ ಅವು ಬಳಕೆಯಲ್ಲಿವೆ. ಹೊಸೊಯೆ ಅವರದು ವಾಕ್ಯದ ಅಸ್ಥಿಪಂಜರವಾದರೆ, ಸೈತೋ ಅವರದು ಅದರ ನರನಾಡಿ.

1928ರಲ್ಲಿ ಸೈತೋ ಅವರ ಜಪಾನೀ-ಇಂಗ್ಲಿಷ್ ನಿಘಂಟು ಹೊರಬಂದಿತು. ಮರುವರ್ಷ ನವೆಂಬರಿನಲ್ಲಿ, ತಮ್ಮ 63ನೆಯ ವಯಸ್ಸಿನಲ್ಲಿ, ಅವರು ಕಾಲವಶರಾದರು.

ಪರೀಕ್ಷೆಯ ಹೊತ್ತಿಗೆ ಗೈಡುಗಳ ಮೊರೆಹೋಗುವ ನಾವು ಈ ಬಾಳಿನಿಂದ ಕಲಿಯುವುದಿದೆ. ಗೈಡು ನಮ್ಮ ಕಾಲದ ಅಂಕಿಯಿಟ್ಟ ಪುಟ. ಅದು ಒಂದು ಪಾಠದ ಅರ್ಥವನ್ನು ಕೊಡಬಲ್ಲದು, ಮುಂದಿನ ಪಾಠವನ್ನು ಓದುವ ಶಕ್ತಿಯನ್ನು ಕೊಡಲಾರದು. ಉದ್ದವಾದ ವಾಕ್ಯ ಎದುರಾದಾಗ ಪ್ರಧಾನ ಕ್ರಿಯಾಪದವನ್ನು ಹುಡುಕಿ, ಅದರ ಕರ್ತೃ ಯಾರೆಂದು ಕೇಳಿ, ಉಳಿದ ಪದಗಳು ಯಾರ ಪರಿವಾರಕ್ಕೆ ಸೇರಿದವೆಂದು ತಾವೇ ನಿರ್ಧರಿಸುವ ವಿದ್ಯಾರ್ಥಿಗೆ ಯಾವ ಪುಸ್ತಕಭಂಡಾರವೂ ಬಾಗಿಲು ಮುಚ್ಚದು.