ದೇವರಾಜ ಅರಸಿನವರೂ ತಾಲ್ಲೂಕು ಭೂನ್ಯಾಯಮಂಡಲಿಗಳೂ

ಹುಣಸೂರು ತಾಲ್ಲೂಕು ಕಲ್ಲಹಳ್ಳಿಯ ಶ್ರೀಮಾನ್ ಡಿ. ದೇವರಾಜ ಅರಸಿನವರು 1915ನೆಯ ಇಸವಿ ಆಗಸ್ಟ್ 20ರಂದು ಜನಿಸಿದರು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ವ್ಯಾಸಂಗಮಾಡಿ ವಿಜ್ಞಾನದ ಪದವಿಯನ್ನು ಪಡೆದರೂ, ಊರಿಗೆ ಹಿಂದಿರುಗಿ ಬೇಸಾಯವನ್ನೇ ಕೈಕೊಂಡರು. 1941ರಲ್ಲಿ ಮೈಸೂರು ಪ್ರಜಾಪ್ರತಿನಿಧಿ ಸಭೆಗೆ ಚುನಾಯಿತರಾದರು. 1881ರಲ್ಲಿ ಸ್ಥಾಪಿತವಾದ ಆ ಸಭೆಯಲ್ಲಿ ರೈತನ ಕಷ್ಟವನ್ನು ಅರಿಕೆಮಾಡಿಕೊಳ್ಳಬಹುದಾಗಿತ್ತಲ್ಲದೆ, ಪರಿಹಾರವನ್ನು ವಿಧಿಸುವ ಅಧಿಕಾರವು ಸದಸ್ಯರಿಗಿರಲಿಲ್ಲ. 1952ರಲ್ಲಿ ಹುಣಸೂರಿನಿಂದ ಶಾಸನಸಭೆಯನ್ನು ಪ್ರವೇಶಿಸಿದ ಇವರು 1972ನೆಯ ಮಾರ್ಚಿ 20ರಂದು ಮುಖ್ಯಮಂತ್ರಿಗಳಾದರು.

ಗೇಣಿದಾರರ ರಕ್ಷಣೆಗೆಂದು 1961ರಲ್ಲಿ ಆದ ಕಾಯಿದೆಯು 1965ರಲ್ಲಿ ಜಾರಿಗೆ ಬಂದಿತ್ತು. ಆದರೆ ಸ್ವಂತ ಸಾಗುವಳಿಯ ನೆಪದಿಂದ ಭೂಮಿಯನ್ನು ಬಿಡಿಸಿಕೊಳ್ಳಲು ಅದರಲ್ಲಿ ಎಡೆಯಿತ್ತು. ಅರಸಿನವರ ಸರ್ಕಾರದ ತಿದ್ದುಪಡಿಯು 1974ನೆಯ ಮಾರ್ಚಿ 1ರಿಂದ ಗೇಣಿಯ ಭೂಮಿಯೆಲ್ಲವನ್ನೂ ಸರ್ಕಾರಕ್ಕೆ ಸೇರಿಸಿ, ಉಳುವವನಿಗೆ ಹಕ್ಕನ್ನು ನಿರ್ಣಯಿಸಿಕೊಡುವ ಭಾರವನ್ನು ತಾಲ್ಲೂಕಿನ ಭೂನ್ಯಾಯಮಂಡಲಿಗೆ ವಹಿಸಿತು.

ಈ ಮಂಡಲಿಯ ರಚನೆಯು ಗಮನಾರ್ಹವಾದುದು. ಅಸಿಸ್ಟೆಂಟ್ ಕಮೀಷನರು ಅಧ್ಯಕ್ಷರು. ಸರ್ಕಾರವು ನೇಮಿಸಿದ ನಾಲ್ವರು ಸದಸ್ಯರು. ಅವರಲ್ಲಿ ಒಬ್ಬರಾದರೂ ಪರಿಶಿಷ್ಟ ಜಾತಿ ಅಥವಾ ಪಂಗಡದವರಾಗಿರಬೇಕು. ಅನೇಕ ಕಡೆಗಳಲ್ಲಿ ಶಾಸನಸಭೆಯ ಸದಸ್ಯರೇ ಇದರಲ್ಲಿ ಕುಳಿತು ವಿಚಾರಣೆ ನಡೆಸಿದರು. ಮೊದಲಲ್ಲಿ ವಕೀಲರಿಗೆ ಪ್ರವೇಶವಿರಲಿಲ್ಲ. ಗೇಣಿಯು ಬಾಯಿಮಾತಿನಲ್ಲಿಯೇ ನಡೆದುಬಂದಿದ್ದ ನಾಡಿನಲ್ಲಿ, ಪಹಣಿಯಲ್ಲಿ ಹೆಸರಿಲ್ಲದ ಒಕ್ಕಲಿಗೆ ನೆರೆಹೊಲದವನ ಸಾಕ್ಷಿಯೇ ಆಧಾರ. ಏಳನೆಯ ನಮೂನೆಯ ಅರ್ಜಿಯನ್ನು ಬರೆಯಿಸಿ ಹೆಬ್ಬೆಟ್ಟೊತ್ತಿದವನು, ತನ್ನ ಒಡೆಯನ ಎದುರಿಗೇ ನಿಂತು ಇದು ನಾನು ಉಳುವ ಹೊಲವೆಂದು ಹೇಳಬೇಕಾಗಿತ್ತು. ಅದು ಸುಲಭವಾದ ಮಾತಲ್ಲ. ಅದೇ ಒಡೆಯನಲ್ಲಿ ಸಾಲವಿದ್ದವನಿಗಂತೂ ಇನ್ನೂ ಕಷ್ಟ.

ಮಠಮಂದಿರಗಳ ಗೇಣಿಭೂಮಿಗಳಿಗೂ ವಿನಾಯಿತಿಯಿರಲಿಲ್ಲ. ಅವುಗಳಿಗೆ ವರ್ಷಾಶನವು ಗೊತ್ತಾಯಿತು. ಇದರಿಂದ ನೊಂದವರುಂಟು. ಆದರೆ ದಾಸೋಹದ ಅಕ್ಕಿಯನ್ನು ಬೆಳೆದ ಒಕ್ಕಲಿಗೂ ತನ್ನದೆಂಬ ನೆಲ ಬೇಡವೆನ್ನುವುದು ಹೇಗೆ? ಅರಮನೆಯ ಬಂಧುವರ್ಗವಾದ ಅರಸು ಸಮಾಜದವರೊಬ್ಬರು ಒಡೆತನದ ಕಟ್ಟನ್ನು ಸಡಿಲಿಸಿದುದು ವಿಶೇಷ.

ಫಲವು ಎಲ್ಲೆಡೆಯೂ ಸಮವಾಗಲಿಲ್ಲ. ಗೇಣಿಯು ಹಬ್ಬಿದ್ದ ಕರಾವಳಿಗೆ ಹೆಚ್ಚು ದೊರೆಯಿತು. ಸಣ್ಣ ಹಿಡುವಳಿದಾರರೇ ಹೆಚ್ಚಾಗಿದ್ದ ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆಯ ಕಡೆಗೆ ಕಡಿಮೆ. ಕೂಲಿಯಿಂದಲೇ ಬದುಕಿದವನಿಗೆ ಗೇಣಿಯೇ ಇರಲಿಲ್ಲವಾಗಿ ಹಕ್ಕೂ ಹುಟ್ಟಲಿಲ್ಲ. ಮಂಡಲಿಯ ತೀರ್ಪಿನ ಮೇಲೆ ಅಪೀಲಿಲ್ಲದ್ದರಿಂದ ಸೋತವರು ಹೈಕೋರ್ಟಿಗೆ ಹೋದರು; ಎಷ್ಟೋ ಪ್ರಕರಣಗಳು ಮರುವಿಚಾರಣೆಗೆ ಹಿಂದಿರುಗಿದವು. ಅರ್ಜಿಯ ಗಡುವು 1979ನೆಯ ಜೂನ್ 30ರವರೆಗೆ ಬೆಳೆಯಿತು.

1980ನೆಯ ಜನವರಿಯಲ್ಲಿ ಅರಸಿನವರು ಅಧಿಕಾರವನ್ನು ಬಿಟ್ಟರು. 1982ನೆಯ ಜೂನ್ 6ರಂದು ಅವರು ಕಾಲವಾದಾಗ, ಭೂನ್ಯಾಯಮಂಡಲಿಗಳ ಮುಂದೆ ಇನ್ನೂ ತೀರದ ಅರ್ಜಿಗಳಿದ್ದವು.