ಗುಡ್‌ಇಯರ್ ಟೈರ್ ಕಂಪನಿ ಕಟ್ಟಿದ್ದು ಚಾರ್ಲ್ಸ್ ಗುಡ್‌ಇಯರ್ ಅಲ್ಲ! ಆದರೆ ನಿಮ್ಮ ಕಾರಿನ ಬೆಲ್ಟ್‌ಗೂ ಅವರಿಗೂ ನಂಟಿದೆ

ಚಾರ್ಲ್ಸ್ ಗುಡ್‌ಇಯರ್ ಎಂಬುವರ ಕೈಯಿಂದ ಒಂದು ದಿನ ರಬ್ಬರ್ ಜಾರಿ ಬಿಸಿ ಒಲೆಯ ಮೇಲೆ ಬಿತ್ತು, ಅದೃಷ್ಟ ಖುಲಾಯಿಸಿತು, ಟೈರ್ ಕಂಪನಿ ಕಟ್ಟಿ ಕೋಟ್ಯಧಿಪತಿಯಾದರು. ಇಂಥ ಕಥೆಯನ್ನು ನೀವೂ ಓದಿರಬಹುದು. ಇದರಲ್ಲಿ ಒಲೆಯ ಭಾಗ ಹೆಚ್ಚುಕಡಿಮೆ ನಿಜ. ಉಳಿದದ್ದು ಸುಳ್ಳು. ಅವರು ಟೈರ್ ಕಂಪನಿ ಕಟ್ಟಲಿಲ್ಲ, ಕೋಟ್ಯಧಿಪತಿಯೂ ಆಗಲಿಲ್ಲ. ತೀರಿಕೊಂಡಾಗ ಅವರ ತಲೆಯ ಮೇಲೆ ಸುಮಾರು 2 ಲಕ್ಷ ಡಾಲರ್ ಸಾಲವಿತ್ತು.

ಆದರೆ ಅವರು ಕಂಡುಕೊಂಡ ವಿಧಾನ ಇಲ್ಲದಿದ್ದರೆ ಇವತ್ತು ಕಾರಿನ ಬಾನೆಟ್ ಕೆಳಗೆ ರಬ್ಬರ್ ಬೆಲ್ಟ್ ಬಾಳುತ್ತಿರಲಿಲ್ಲ. ಬೆಲ್ಟನ್ನು ಕಣ್ಣಳತೆಯಲ್ಲಿ ನೋಡಿ ಚೆನ್ನಾಗಿದೆ ಎಂದು ಯಾಕೆ ನಂಬಬಾರದು ಎಂಬುದಕ್ಕೂ ಅವರ ಬದುಕಿನಲ್ಲೇ ಉತ್ತರವಿದೆ.

ಸಾಲಗಾರನ ಕೈಗೆ ಸಿಕ್ಕ ರಬ್ಬರ್

ಗುಡ್‌ಇಯರ್ ಹುಟ್ಟಿದ್ದು 1800ರ ಡಿಸೆಂಬರ್ 29ರಂದು, ಅಮೆರಿಕದ ಕನೆಕ್ಟಿಕಟ್ ರಾಜ್ಯದ ನ್ಯೂ ಹೇವನ್‌ನಲ್ಲಿ. ಫಿಲಡೆಲ್ಫಿಯಾದಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟರು. 1830ರ ಹೊತ್ತಿಗೆ ಅದು ದಿವಾಳಿಯಾಯಿತು. ಸಾಲ ತೀರಿಸದವರನ್ನು ಜೈಲಿಗೆ ಹಾಕುತ್ತಿದ್ದ ಕಾಲ ಅದು. ಅವರೂ ಹಲವು ಸಲ ಜೈಲು ಕಂಡರು.

1834ರಲ್ಲಿ ನ್ಯೂಯಾರ್ಕ್‌ನ ಒಂದು ರಬ್ಬರ್ ಅಂಗಡಿಯಲ್ಲಿ, ನೀರಿನಲ್ಲಿ ತೇಲಲು ಬಳಸುವ ರಕ್ಷಣಾ ಸಾಧನ ಅವರ ಕಣ್ಣಿಗೆ ಬಿತ್ತು. ಅದಕ್ಕೆ ಉತ್ತಮ ವಾಲ್ವ್ ಮಾಡಿ ಮಾರಲು ಹೋದಾಗ, ಅಂಗಡಿಯವರು ತಮ್ಮ ನಿಜವಾದ ಕಷ್ಟ ತೋರಿಸಿದರು. ಬೇಸಿಗೆಯ ಬಿಸಿಲಿಗೆ ಮಾಲು ಕರಗಿ ಅಂಟಾಗಿ, ದುರ್ನಾತ ಬೀರುತ್ತಾ ವಾಪಸ್ ಬರುತ್ತಿತ್ತು. ಚಳಿಗಾಲದಲ್ಲಿ ಅದೇ ರಬ್ಬರ್ ಮರದ ಹಲಗೆಯಂತೆ ಸೆಟೆದುಕೊಳ್ಳುತ್ತಿತ್ತು. ಬಿಸಿಗೂ ಚಳಿಗೂ ಬಗ್ಗದ ರಬ್ಬರ್ ಮಾಡುವುದೇ ಅಂದಿನಿಂದ ಅವರ ಹುಚ್ಚಾಯಿತು.

ಜೈಲಿನಲ್ಲೇ ಹೆಂಡತಿ ಕ್ಲಾರಿಸಾ ಅವರ ಲಟ್ಟಣಿಗೆಯಿಂದ ರಬ್ಬರ್ ಲಟ್ಟಿಸಿದರು. ಮೆಗ್ನೀಷಿಯಾ ಬೆರೆಸಿ ನೋಡಿದರು, ಸುಣ್ಣ ಹಾಕಿ ಕುದಿಸಿದರು. ಮನೆಯ ಸಾಮಾನು ಒಂದೊಂದಾಗಿ ಅಡವು ಹೋಯಿತು. ಹಲವು ಮಕ್ಕಳು ಎಳವೆಯಲ್ಲೇ ತೀರಿಕೊಂಡರು. ರಾಸಾಯನಿಕಗಳಿಂದ ಅವರ ಆರೋಗ್ಯವೂ ಕೆಟ್ಟಿತು.

ಹೊರಗೆ ಚೆಂದ, ಒಳಗೆ ಅಂಟು

ನೈಟ್ರಿಕ್ ಆಮ್ಲ ತಾಗಿಸಿದರೆ ರಬ್ಬರ್‌ನ ಮೇಲ್ಮೈ ಅಂಟುವುದಿಲ್ಲ ಎಂಬುದು ಒಮ್ಮೆ ಗೊತ್ತಾಯಿತು. ಅದನ್ನೇ ನಂಬಿ ಅಮೆರಿಕ ಸರ್ಕಾರಕ್ಕೆ 150 ಟಪಾಲು ಚೀಲಗಳನ್ನು ಮಾಡಿಕೊಡಲು ಒಪ್ಪಿದರು. ತಯಾರಾದ ಚೀಲಗಳು ನೋಡಲು ಅಚ್ಚುಕಟ್ಟಾಗಿದ್ದವು. ಕೆಲವು ವಾರ ಬೆಚ್ಚಗಿನ ಕೋಣೆಯಲ್ಲಿ ತೂಗುಹಾಕಿದ್ದಾಗ ಕರಗಿ, ತಮ್ಮ ಭಾರಕ್ಕೆ ತಾವೇ ಕಿತ್ತು ಬಿದ್ದವು. ಆಮ್ಲ ಬದಲಿಸಿದ್ದು ಮೇಲಿನ ಪದರವನ್ನು ಮಾತ್ರ, ಒಳಗಿನ ರಬ್ಬರ್ ಹಾಗೆಯೇ ಉಳಿದಿತ್ತು. ಈ ಚೀಲಗಳನ್ನು ನೆನಪಿಡಿ, ಬೆಲ್ಟ್ ವಿಷಯಕ್ಕೆ ಬಂದಾಗ ಬೇಕಾಗುತ್ತದೆ.

ಒಲೆಯ ಕಥೆ ಎಷ್ಟು ನಿಜ?

ನಥಾನಿಯಲ್ ಹೇವರ್ಡ್ ಎಂಬ ಇನ್ನೊಬ್ಬ ಪ್ರಯೋಗಶೀಲರು ರಬ್ಬರ್‌ಗೆ ಗಂಧಕ ಬೆರೆಸುತ್ತಿದ್ದರು. ಆ ಹಕ್ಕನ್ನು ಗುಡ್‌ಇಯರ್ ಕೊಂಡರು. 1839ರಲ್ಲಿ ಮ್ಯಾಸಚೂಸೆಟ್ಸ್‌ನ ವೊಬರ್ನ್‌ನಲ್ಲಿ ಗಂಧಕ ಬೆರೆತ ರಬ್ಬರ್ ತುಂಡೊಂದು ಬಿಸಿ ಒಲೆಗೆ ತಾಗಿತು. ಅದು ಕರಗಲಿಲ್ಲ, ಚರ್ಮದಂತೆ ಗಟ್ಟಿಯಾಯಿತು. ತಾಗಿದ್ದು ಆಕಸ್ಮಿಕ ಇರಬಹುದು. ಆದರೆ ಅದರ ಅರ್ಥ ತಿಳಿದದ್ದು ಐದು ವರ್ಷದ ಸೋಲುಗಳಿಂದ. ಎಷ್ಟು ಗಂಧಕ, ಎಷ್ಟು ಶಾಖ, ಎಷ್ಟು ಹೊತ್ತು ಎಂದು ಹದ ಹಿಡಿಯಲು ಇನ್ನೂ ಐದು ವರ್ಷ ಹಿಡಿಯಿತು. ಪೇಟೆಂಟ್ ಸಿಕ್ಕಿದ್ದು 1844ರ ಜೂನ್ 15ರಂದು.

ಆಗಿದ್ದೇನು? ರಬ್ಬರ್ ಎಂದರೆ ಉದ್ದುದ್ದ ಅಣು ಎಳೆಗಳ ರಾಶಿ, ಬಿಸಿ ಶಾವಿಗೆಯಂತೆ ಒಂದರ ಮೇಲೊಂದು ಜಾರುತ್ತವೆ. ಗಂಧಕ ಬೆರೆಸಿ ಕಾಯಿಸಿದಾಗ ಎಳೆಗಳ ನಡುವೆ ಅಲ್ಲಲ್ಲಿ ಸೇತುವೆ ಬೀಳುತ್ತದೆ. ಎಳೆದರೆ ಹಿಗ್ಗುತ್ತದೆ, ಬಿಟ್ಟರೆ ಮೊದಲಿನಂತಾಗುತ್ತದೆ, ಬಿಸಿಗೆ ಕರಗುವುದಿಲ್ಲ. ಇದಕ್ಕೆ ರೋಮನ್ನರ ಅಗ್ನಿದೇವತೆ ವಲ್ಕನ್ ಹೆಸರಿನಿಂದ ವಲ್ಕನೈಸೇಷನ್ ಎಂಬ ಹೆಸರು ಬಂತು.

ಹೆಸರು ಬಂತು, ಹಣ ಬರಲಿಲ್ಲ

ಇಂಗ್ಲೆಂಡಿನ ಥಾಮಸ್ ಹ್ಯಾನ್‌ಕಾಕ್ ಅವರು ಗುಡ್‌ಇಯರ್ ಮಾಡಿದ್ದ ರಬ್ಬರ್‌ನ ಮಾದರಿ ನೋಡಿ ಗಂಧಕದ ಸುಳಿವು ಹಿಡಿದರು. ಅಲ್ಲಿ ಮೊದಲು ಪೇಟೆಂಟ್ ಪಡೆದದ್ದು ಅವರೇ. ಅಮೆರಿಕದಲ್ಲಿ ಹಕ್ಕು ಉಳಿಸಿಕೊಳ್ಳಲು ಗುಡ್‌ಇಯರ್ ಪರ 1852ರಲ್ಲಿ ಹೆಸರಾಂತ ವಕೀಲ ಡೇನಿಯಲ್ ವೆಬ್‌ಸ್ಟರ್ ವಾದಿಸಿ ಗೆದ್ದರು, ಆದರೆ ಖರ್ಚು ವಿಪರೀತ. ಲಂಡನ್ ಮತ್ತು ಪ್ಯಾರಿಸ್ ವಸ್ತುಪ್ರದರ್ಶನಗಳಿಗೆ ದೊಡ್ಡ ಮೊತ್ತ ಸುರಿದರು. 1855ರಲ್ಲಿ ಪ್ಯಾರಿಸ್‌ನಲ್ಲಿ ಸಾಲಕ್ಕಾಗಿ ಜೈಲಿಗೆ ಹೋದರು. ಫ್ರೆಂಚ್ ಸರ್ಕಾರದ ಲೀಜನ್ ಆಫ್ ಆನರ್ ಗೌರವ ಅವರ ಕೈ ಸೇರಿದ್ದು ಆ ಜೈಲಿನಲ್ಲೇ! 1860ರ ಜುಲೈ 1ರಂದು ನ್ಯೂಯಾರ್ಕ್‌ನಲ್ಲಿ ತೀರಿಕೊಂಡರು.

ಟೈರ್ ಕಂಪನಿ ಶುರುವಾದದ್ದು 38 ವರ್ಷಗಳ ನಂತರ, 1898ರಲ್ಲಿ, ಒಹಾಯೊದ ಆಕ್ರಾನ್‌ನಲ್ಲಿ. ಸ್ಥಾಪಿಸಿದ ಫ್ರಾಂಕ್ ಸೈಬರ್ಲಿಂಗ್ ಗೌರವಕ್ಕಾಗಿ ಅವರ ಹೆಸರಿಟ್ಟರು. ಕಂಪನಿಗೂ ಗುಡ್‌ಇಯರ್ ಕುಟುಂಬಕ್ಕೂ ಸಂಬಂಧವಿಲ್ಲ.

ಇನ್ನು ನಿಮ್ಮ ಕಾರಿನ ಬೆಲ್ಟ್

ಇಂದಿನ ಕಾರಿನ ಬೆಲ್ಟ್‌ಗಳು ಕೃತಕ ರಬ್ಬರ್‌ನವು. ಕೆಲವಕ್ಕೆ ಗಂಧಕದ ಬದಲು ಬೇರೆ ರಾಸಾಯನಿಕ ಬಳಸುತ್ತಾರೆ. ಆದರೆ ತತ್ವ ಅದೇ: ಎಳೆಗಳ ನಡುವೆ ಸೇತುವೆ. ಎಂಜಿನ್ ಶಾಖದಲ್ಲಿ ವರ್ಷಗಟ್ಟಲೆ ಬೇಯುತ್ತಾ ರಬ್ಬರ್ ನಿಧಾನವಾಗಿ ಬಿರುಸಾಗುತ್ತದೆ. ಅಂದರೆ ರಬ್ಬರ್‌ಗೆ ಬಲ ಕೊಟ್ಟ ಶಾಖವೇ ಅದನ್ನು ಮುದಿಯಾಗಿಸುತ್ತದೆ. ಕಾರು ಓಡದೆ ನಿಂತಿದ್ದರೂ ವಯಸ್ಸು ನಿಲ್ಲುವುದಿಲ್ಲ.

ಸುಳ್ಳು 1: ಬಿರುಕಿಲ್ಲ ಎಂದರೆ ಬೆಲ್ಟ್ ಚೆನ್ನಾಗಿದೆ. ಹಳೆಯ ಬೆಲ್ಟ್‌ಗಳಲ್ಲಿ ಬಿರುಕು ಕಾಣುತ್ತಿತ್ತು. ಈಗಿನ ಗೀರುಗೀರಿನ ಬೆಲ್ಟ್‌ಗಳು ಬಿರುಕು ಬಿಡದೆಯೂ ಟೈರಿನಂತೆ ಸವೆಯುತ್ತವೆ. ಟಪಾಲು ಚೀಲ ನೆನಪಾಯಿತೇ?

ಸುಳ್ಳು 2: ಕಿರುಗುಟ್ಟಿದರೆ ಸೋಪು ಅಥವಾ ಎಣ್ಣೆ ಹಚ್ಚಿದರೆ ಸಾಕು. ಸದ್ದು ಸ್ವಲ್ಪ ಹೊತ್ತು ಅಡಗಬಹುದು, ಕಾರಣ ಅಡಗುವುದಿಲ್ಲ. ಬೆಲ್ಟ್ ಸಡಿಲವಾಗಿರಬಹುದು, ಸವೆದಿರಬಹುದು, ಪುಲ್ಲಿ ಓರೆಯಾಗಿರಬಹುದು. ಎಣ್ಣೆ ರಬ್ಬರನ್ನು ಹಾಳುಮಾಡುತ್ತದೆ, ಬೆಲ್ಟ್ ಜಾರುವುದೂ ಹೆಚ್ಚುತ್ತದೆ.

ಸುಳ್ಳು 3: ಎಲ್ಲ ಬೆಲ್ಟೂ ಒಂದೇ, ಹರಿದ ಮೇಲೆ ಹಾಕಿಸಿದರಾಯಿತು. ಹೊರಗಿನ ಬೆಲ್ಟ್ ಹರಿದರೆ ಬ್ಯಾಟರಿ ದೀಪ ಹತ್ತುತ್ತದೆ. ವಾಟರ್ ಪಂಪ್ ಅದರಿಂದಲೇ ತಿರುಗುವ ಕಾರಾದರೆ ಎಂಜಿನ್ ಕಾಯುತ್ತದೆ, ತಕ್ಷಣ ನಿಲ್ಲಿಸಬೇಕು. ಕವಚದೊಳಗಿನ ಟೈಮಿಂಗ್ ಬೆಲ್ಟ್ ಹರಿದರೆ ಎಂಜಿನ್ ಅಲ್ಲೇ ನಿಲ್ಲುತ್ತದೆ. ಅನೇಕ ಎಂಜಿನ್‌ಗಳಲ್ಲಿ ಪಿಸ್ಟನ್ ಹೋಗಿ ವಾಲ್ವ್‌ಗೆ ಬಡಿದು ದುಬಾರಿ ರಿಪೇರಿ ತಂದಿಡುತ್ತದೆ. ಇದು ಸಾಮಾನ್ಯವಾಗಿ ಮುನ್ಸೂಚನೆ ಕೊಡುವುದಿಲ್ಲ.

ನೀವು ಮಾಡಬೇಕಾದ್ದು

ಕಾರಿನ ಜೊತೆ ಬಂದ ಪುಸ್ತಕ ತೆರೆದು ನಿಮ್ಮ ಎಂಜಿನ್‌ಗೆ ಟೈಮಿಂಗ್ ಬೆಲ್ಟ್ ಇದೆಯೋ ಚೈನ್ ಇದೆಯೋ ನೋಡಿ. ಬೆಲ್ಟ್ ಇದ್ದರೆ ಅದರಲ್ಲಿ ಕಿಲೋಮೀಟರ್ ಮತ್ತು ವರ್ಷ ಎರಡೂ ಬರೆದಿದ್ದರೆ, ಯಾವುದು ಮೊದಲು ಬರುತ್ತದೋ ಆಗ ಬದಲಿಸಿ. ಜೊತೆಗೆ ಟೆನ್ಷನರನ್ನೂ, ಆ ಬೆಲ್ಟೇ ತಿರುಗಿಸುವ ವಾಟರ್ ಪಂಪನ್ನೂ ಬದಲಿಸಬೇಕೇ ಎಂದು ಮೆಕ್ಯಾನಿಕ್‌ಗೆ ಕೇಳಿ. ಎಣ್ಣೆ ಅಥವಾ ಕೂಲೆಂಟ್ ಸೋರಿ ಬೆಲ್ಟ್ ಮೇಲೆ ಬಿದ್ದಿದ್ದರೆ ಮೊದಲು ಸೋರಿಕೆ ನಿಲ್ಲಿಸಿ. ಸೆಕೆಂಡ್ ಹ್ಯಾಂಡ್ ಕಾರು ಕೊಂಡಿದ್ದು, ಹಳೆಯ ಸರ್ವಿಸ್ ದಾಖಲೆ ಇಲ್ಲದಿದ್ದರೆ, ಟೈಮಿಂಗ್ ಬೆಲ್ಟ್ ಬದಲಿಸಿಯೇ ಓಡಿಸುವುದು ಕ್ಷೇಮ.

ಮುಂದಿನ ಸಲ ಒಲೆಯ ಕಥೆ ಫಾರ್ವರ್ಡ್ ಆಗಿ ಬಂದರೆ ಟಪಾಲು ಚೀಲಗಳ ಕಥೆಯನ್ನೂ ಸೇರಿಸಿ ಕಳಿಸಿ. ಕಾರು ಇರುವವರಿಗೆ ಹೆಚ್ಚು ಉಪಯೋಗಕ್ಕೆ ಬರುವುದು ಅದೇ.